ಬೆನ್ನು ಸ್ವಲ್ಪ ಓರೆಯಿದ್ದರೆ ಭಾರ ಎತ್ತಬಹುದೇ?

ಮೇ ತಿಂಗಳು ಬಂತೆಂದರೆ ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಗಳಿಗೆ ಜೀವ ಬರುತ್ತದೆ. ಜುಲೈವರೆಗೆ ಎಷ್ಟೋ ಯುವಕರಿಗೆ ಕ್ರೇಟ್ ಇಳಿಸುವುದು, ಜೋಡಿಸುವುದು, ಲಾರಿಗೆ ತುಂಬುವುದೇ ಕೆಲಸ. ಅವರಲ್ಲೇ ಕೆಲವರು ಇಶಾ ನಮಾಝ್ ಮುಗಿಸಿ ಜಿಮ್‌ಗೂ ಹೋಗುತ್ತಾರೆ. ಹಗಲು ಕ್ರೇಟ್, ರಾತ್ರಿ ಬಾರ್ಬೆಲ್. ಕೆಲವು ತಿಂಗಳಲ್ಲೇ ಒಂದೇ ಬದಿಯ ಭುಜ, ಒಂದೇ ಬದಿಯ ಸೊಂಟ ಅಥವಾ ಮೊಣಕಾಲು ನೋಯತೊಡಗುತ್ತದೆ. ಎಕ್ಸ್‌ರೇ ತೆಗೆಸಿದರೆ ರಿಪೋರ್ಟಿನಲ್ಲಿ ‘ಮೈಲ್ಡ್ ಸ್ಕೋಲಿಯೋಸಿಸ್’ ಎಂದು ಬರೆದಿರುತ್ತದೆ. ಬೆನ್ನುಮೂಳೆ ಸ್ವಲ್ಪ ಪಕ್ಕಕ್ಕೆ ಬಾಗಿದೆ ಎಂದು ಇದರ ಅರ್ಥ.

ಆ ಎರಡು ಪದಗಳನ್ನು ನೋಡಿದ ಮೇಲೆ ಮನೆಗಳಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುತ್ತದೆ. ಹುಡುಗನ ಬೆನ್ನೇ ಹಾಳಾಯಿತೆಂದು ತಾಯಿ ಗಾಬರಿಯಾಗಿ ಎಲ್ಲ ಕೆಲಸ, ಎಲ್ಲ ವ್ಯಾಯಾಮ ನಿಲ್ಲಿಸಿಬಿಡುತ್ತಾಳೆ. ಇಲ್ಲವೇ ಹುಡುಗ ರಿಪೋರ್ಟನ್ನು ಬೀರುವಿನಲ್ಲಿಟ್ಟು, ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿ ಮೊದಲಿನಷ್ಟೇ ತೂಕ ಎತ್ತುತ್ತಾನೆ. ಎರಡೂ ಸರಿಯಲ್ಲ. ಅಲ್ಪ ಓರೆಯ ಬೆನ್ನಿರುವವರು ಭಾರ ಎತ್ತಬಹುದು. ಆದರೆ ಆ ಭಾರ ಎರಡೂ ಬದಿಗೆ ಸಮನಾಗಿ ಬೀಳುತ್ತಿದೆಯೇ, ದೇಹ ಒಗ್ಗಿಕೊಳ್ಳುವುದಕ್ಕಿಂತ ಬೇಗ ಏರುತ್ತಿದೆಯೇ, ನೋವಿಗೆ ಬೇರೆ ಕಾರಣವೇನಾದರೂ ಇದೆಯೇ ಎಂದು ನೋಡಿಕೊಳ್ಳಬೇಕು.

ಮೊದಲು ಈ ಓರೆ ಎಷ್ಟು ಎಂಬುದನ್ನು ತಿಳಿಯೋಣ. ಅಮೆರಿಕದ ಮೂಳೆತಜ್ಞ ಜಾನ್ ಕಾಬ್ 1948ರಲ್ಲಿ ವಿವರಿಸಿದ ವಿಧಾನದಲ್ಲೇ ವೈದ್ಯರು ಇಂದಿಗೂ ಎಕ್ಸ್‌ರೇ ಮೇಲೆ ಬಾಗಿನ ಕೋನವನ್ನು ಅಳೆಯುತ್ತಾರೆ. ಕೋನ 10 ಡಿಗ್ರಿಗಿಂತ ಕಡಿಮೆಯಿದ್ದರೆ ಅದನ್ನು ಸ್ಕೋಲಿಯೋಸಿಸ್ ಎಂದು ಕರೆಯುವುದೇ ಇಲ್ಲ. 10ರಿಂದ ಸುಮಾರು 25 ಡಿಗ್ರಿವರೆಗಿನದು ಅಲ್ಪ ಪ್ರಮಾಣದ್ದು. ಹದಿಹರೆಯದವರಲ್ಲಿ ನೂರಕ್ಕೆ ಎರಡು ಮೂರು ಮಂದಿಯಲ್ಲಿ ಈ ಬಾಗು ಇರುತ್ತದೆ. ಬಹುಪಾಲು ಮಂದಿಗೆ ಅದು ಇದೆಯೆಂಬುದೇ ಗೊತ್ತಿರುವುದಿಲ್ಲ. ಬೆಳವಣಿಗೆ ಮುಗಿದ ನಂತರ 30 ಡಿಗ್ರಿಗಿಂತ ಕಡಿಮೆಯ ಬಾಗು ಹೆಚ್ಚುವುದು ಅಪರೂಪ. ಇಪ್ಪತ್ತೆರಡರ ಹುಡುಗನ ರಿಪೋರ್ಟಿನಲ್ಲಿ 14 ಡಿಗ್ರಿ ಎಂದಿದ್ದರೆ ಅವನ ಬೆನ್ನು ಹಾಳಾಗಿಲ್ಲ. ಅವನ ಬೆನ್ನಿನ ಆಕಾರ ಹಾಗಿದೆ, ಅಷ್ಟೇ.

ಶಾಲೆಯ ಚೀಲ ಒಂದೇ ಹೆಗಲಿಗೆ ಹಾಕಿದ್ದರಿಂದ, ಕೂಸನ್ನು ಒಂದೇ ಸೊಂಟದ ಮೇಲೆ ಎತ್ತಿಕೊಂಡಿದ್ದರಿಂದ, ಜಿಮ್‌ನಲ್ಲಿ ತೂಕ ಎತ್ತಿದ್ದರಿಂದ ಬೆನ್ನು ಓರೆಯಾಯಿತೆಂದು ಹೇಳುವವರಿದ್ದಾರೆ. ಹದಿಹರೆಯದಲ್ಲಿ ಕಾಣಿಸಿಕೊಳ್ಳುವ ಸ್ಕೋಲಿಯೋಸಿಸ್‌ಗೆ ಇವು ಕಾರಣವಲ್ಲ. ಬಹುತೇಕ ಪ್ರಕರಣಗಳಲ್ಲಿ ನಿಖರ ಕಾರಣ ತಿಳಿಯುವುದಿಲ್ಲ, ಕುಟುಂಬದಲ್ಲಿ ಬರುವುದುಂಟು. ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಬೇಕು. ಕೆಲವರಲ್ಲಿ ಬೆನ್ನುಮೂಳೆ ನಿಜಕ್ಕೂ ಬಾಗಿರುವುದಿಲ್ಲ. ಒಂದು ಕಾಲು ಇನ್ನೊಂದಕ್ಕಿಂತ ಕೊಂಚ ಗಿಡ್ಡವಿದ್ದರೆ, ಅಥವಾ ನೋವಿನಿಂದ ಒಂದು ಬದಿಯ ಸ್ನಾಯು ಬಿಗಿದುಕೊಂಡಿದ್ದರೆ ನಿಂತಾಗ ಬೆನ್ನು ಓರೆ ಕಾಣುತ್ತದೆ. ಕಾಲಿನ ವ್ಯತ್ಯಾಸದಿಂದ ಆದ ಓರೆ ಕುಳಿತಾಗ ಬಹುಮಟ್ಟಿಗೆ ನೇರವಾಗುತ್ತದೆ. ಅಂಥವರಿಗೆ ಚಪ್ಪಲಿಯೊಳಗೆ ಒಂದು ಸಣ್ಣ ಪ್ಯಾಡ್ ಸಾಕಾಗಬಹುದು. ನೋಡಿ ಹೇಳಬೇಕಾದವರು ವೈದ್ಯರು, ಜಿಮ್‌ನ ಗೆಳೆಯರಲ್ಲ.

ಓರೆ ಬೆನ್ನಿನವರು ಭಾರ ಎತ್ತಲಾರರು ಎಂಬ ಮಾತಿಗೆ ಅಮೆರಿಕದ ಲಾಮಾರ್ ಗ್ಯಾಂಟ್ ಎಂಬ ಪವರ್‌ಲಿಫ್ಟರ್ ಉತ್ತರವಾಗಿದ್ದಾರೆ. ಅವರ ಬೆನ್ನುಮೂಳೆಯ ಬಾಗು ಅಲ್ಪವಲ್ಲ, ಬಹಳವೇ ಇತ್ತು. ಆದರೂ 1985ರಲ್ಲಿ ಸುಮಾರು 60 ಕಿಲೋ ದೇಹತೂಕದಲ್ಲಿ 300 ಕಿಲೋ ಡೆಡ್‌ಲಿಫ್ಟ್ ಮಾಡಿ, ತಮ್ಮ ತೂಕದ ಐದು ಪಟ್ಟು ಎತ್ತಿದ ಮೊದಲಿಗರಾದರು. ಓಟಗಾರ ಉಸೇನ್ ಬೋಲ್ಟ್ ಅವರಿಗೂ ಸ್ಕೋಲಿಯೋಸಿಸ್ ಇದೆ. ಇವರನ್ನು ನೋಡಿ ನಾಳೆಯೇ ಪ್ಲೇಟ್ ಏರಿಸಿ ಎಂದು ಹೇಳುತ್ತಿಲ್ಲ. ಇವರ ಹಿಂದೆ ವರ್ಷಗಳ ತರಬೇತಿ ಇತ್ತು, ತಿದ್ದುವ ಕೋಚ್‌ಗಳಿದ್ದರು. ನಮ್ಮ ಸಣ್ಣ ಊರಿನ ಜಿಮ್‌ಗಳಲ್ಲಿ ಹೆಚ್ಚಾಗಿ ಇರುವುದು ಒಂದು ಕನ್ನಡಿ ಮತ್ತು ಜೋರಾದ ಹಾಡು.

ಈಗ ಬಾರ್ಬೆಲ್ ವಿಷಯ. ಪುರುಷರ ಸ್ಪರ್ಧೆಯ ಬಾರ್ 20 ಕಿಲೋ ತೂಗುತ್ತದೆ, ಉದ್ದ 2.2 ಮೀಟರ್. ಪ್ಲೇಟುಗಳು ಮಧ್ಯದಿಂದ ಸುಮಾರು 70 ಸೆಂಟಿಮೀಟರ್ ದೂರದಲ್ಲಿ ಕೂರುತ್ತವೆ. ಎರಡೂ ಬದಿಗೆ 20 ಕಿಲೋ ಹಾಕಿ ಒಟ್ಟು 60 ಕಿಲೋವನ್ನು ಹೆಗಲ ಮೇಲೆ ಇಟ್ಟುಕೊಂಡು ಸ್ಕ್ವಾಟ್ ಮಾಡುವ ಒಬ್ಬರನ್ನು ಊಹಿಸಿ. ಬಾರ್ ಮಧ್ಯದಿಂದ ನಾಲ್ಕೇ ಸೆಂಟಿಮೀಟರ್, ಅಂದರೆ ಎರಡು ಬೆರಳಿನಷ್ಟು, ಬಲಕ್ಕೆ ಸರಿದಿದೆ ಎಂದುಕೊಳ್ಳಿ. ಲೆಕ್ಕ ಹಾಕಿದರೆ ಇದು ಬಲಬದಿಯ ಪ್ಲೇಟಿಗೆ ಮೂರು ಕಿಲೋಗಿಂತ ಹೆಚ್ಚು ತೂಕ ಸೇರಿಸಿದಂತೆ. ಎರಡೂ ಬದಿಯ ಪ್ಲೇಟ್ ಸರಿಯಾಗಿದೆ ಎಂದು ಎಣಿಸಿದವರಿಗೆ ಇದು ಹೊಳೆಯುವುದೇ ಇಲ್ಲ. ಒಂದು ಸಲ ಆದರೆ ದೇಹ ಸಹಿಸಿಕೊಳ್ಳುತ್ತದೆ. ದಿನಕ್ಕೆ ನಲವತ್ತು ಬಾರಿ, ವಾರಕ್ಕೆ ಮೂರು ದಿನ, ತಿಂಗಳುಗಟ್ಟಲೆ ಹೀಗಾದರೆ ಒಂದೇ ಬದಿಯ ಸೊಂಟದ ಕೀಲು, ಮೊಣಕಾಲು, ಸೊಂಟದ ಸ್ನಾಯು ಹೆಚ್ಚು ದುಡಿಯುತ್ತವೆ.

ಬೆನ್ನು ಮೊದಲೇ ಓರೆಯಿರುವವರಲ್ಲಿ ಇದು ಸುಲಭವಾಗಿ ಆಗುತ್ತದೆ. ಅವರ ಒಂದು ಭುಜ ಎತ್ತರ, ಒಂದು ತಗ್ಗು. ಬಾರ್ ತಾನಾಗಿ ತಗ್ಗಿನ ಕಡೆಗೆ ವಾಲುತ್ತದೆ. ತಮಗೆ ನೇರ ಅನ್ನಿಸಿದ್ದು ನಿಜದಲ್ಲಿ ನೇರವಾಗಿರುವುದಿಲ್ಲ. ಹಾಗಾಗಿ ಅನಿಸಿಕೆಯನ್ನು ನಂಬದೆ ಗುರುತನ್ನು ನಂಬಬೇಕು. ಬಾರ್ ಮೇಲೆ ಗರಗಸದಂಥ ಒರಟು ಭಾಗ ಮತ್ತು ನುಣುಪಾದ ಗೆರೆಗಳಿರುತ್ತವೆ. ಎರಡೂ ಕೈಗಳ ಕಿರುಬೆರಳು ಆ ಗೆರೆಯಿಂದ ಸಮ ದೂರದಲ್ಲಿವೆಯೇ ಎಂದು ಪ್ರತಿ ಸಲವೂ ನೋಡಿಕೊಳ್ಳಿ. ಗೆರೆ ಸವೆದ ಹಳೆಯ ಬಾರ್ ಆದರೆ ಬಣ್ಣದ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ನೆಲದ ಮೇಲೂ ಎರಡು ಪಾದಕ್ಕೆ ಟೇಪ್ ಗುರುತು ಹಾಕಬಹುದು. ನಂತರ ಗೆಳೆಯನ ಕೈಯಲ್ಲಿ ಫೋನ್ ಕೊಟ್ಟು ಹಿಂದಿನಿಂದ ವಿಡಿಯೋ ಮಾಡಿಸಿ. ಕನ್ನಡಿ ಮುಂದಿನಿಂದ ಮಾತ್ರ ತೋರಿಸುತ್ತದೆ. ಕೆಳಗೆ ಕುಳಿತು ಏಳುವಾಗ ಸೊಂಟ ಒಂದು ಕಡೆಗೆ ಜಾರುವುದು, ಬಾರಿನ ಒಂದು ತುದಿ ಮೊದಲು ಮೇಲೇಳುವುದು ಹಿಂದಿನಿಂದಲೇ ಚೆನ್ನಾಗಿ ಕಾಣುವುದು.

ಪ್ಲೇಟುಗಳ ಮೇಲೆ ಬರೆದ ತೂಕವನ್ನೂ ಪೂರ್ತಿ ನಂಬಬೇಡಿ. ಅಗ್ಗದ ಪ್ಲೇಟುಗಳಲ್ಲಿ ಬರೆದದ್ದಕ್ಕೂ ತೂಗಿದ್ದಕ್ಕೂ ವ್ಯತ್ಯಾಸ ಇರುತ್ತದೆ. ಮಂಡಿ ಇರುವ ಊರಿನಲ್ಲಿ ತಕ್ಕಡಿಗೆ ಬರವಿಲ್ಲ, ಒಮ್ಮೆ ತೂಗಿ ಜೋಡಿ ಮಾಡಿಟ್ಟರೆ ಎಲ್ಲರಿಗೂ ಉಪಕಾರ. ಡೆಡ್‌ಲಿಫ್ಟ್‌ನಲ್ಲಿ ಒಂದು ಅಂಗೈ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಇಟ್ಟು ಹಿಡಿಯುವ ಪದ್ಧತಿಯಿದೆ. ಹಿಡಿತ ಗಟ್ಟಿಯಾಗುತ್ತದೆ ನಿಜ, ಆದರೆ ದೇಹ ಸ್ವಲ್ಪ ತಿರುಚಿಕೊಳ್ಳುತ್ತದೆ. ಅಂಗೈ ಮುಂದಕ್ಕಿರುವ ತೋಳಿನ ಸ್ನಾಯುವಿಗೂ ಅಪಾಯ ಹೆಚ್ಚು. ಬೆನ್ನು ಓರೆಯಿರುವವರು ಎರಡೂ ಅಂಗೈಗಳನ್ನು ಒಂದೇ ಕಡೆಗೆ ಇಡುವುದು ಒಳ್ಳೆಯದು, ಬಿಡಲಾಗದಿದ್ದರೆ ಪ್ರತಿ ಸೆಟ್‌ಗೆ ಕೈ ಬದಲಿಸಬೇಕು.

ಸಮತೋಲಕ್ಕೆ ಸ್ಪರ್ಧೆಯಲ್ಲಿ ಎಷ್ಟು ಬೆಲೆಯಿದೆ ನೋಡಿ. ಕುಂದಾಪುರದ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಒಟ್ಟು 269 ಕಿಲೋ ಎತ್ತಿ ಕಂಚು ಗೆದ್ದರು. ಅವರು ಆಡುವ ವೇಟ್‌ಲಿಫ್ಟಿಂಗ್‌ನ ನಿಯಮದಲ್ಲಿ ಎರಡೂ ತೋಳುಗಳು ಸಮನಾಗಿ ನೇರವಾಗದಿದ್ದರೆ, ಪಾದಗಳು ಒಂದೇ ಸಾಲಿಗೆ ಬಂದು ಅಲುಗಾಡದೆ ನಿಲ್ಲದಿದ್ದರೆ, ಎಷ್ಟು ತೂಕ ಎತ್ತಿದರೂ ಅದು ಲೆಕ್ಕಕ್ಕಿಲ್ಲ. ನಮ್ಮ ಜಿಮ್‌ಗಳಲ್ಲಿ ಹಾಗೆ ಕೆಂಪು ದೀಪ ತೋರಿಸುವವರಿಲ್ಲ.

ಕೈಯೆರಡನ್ನೂ ಒಂದೇ ಬಾರಿಗೆ ಕಟ್ಟಿಹಾಕುವ ಬಾರ್ಬೆಲ್ ಬದಲು ಕೆಲಕಾಲ ಡಂಬೆಲ್ ಬಳಸುವುದು ಇನ್ನೊಂದು ದಾರಿ. ಬಲವಾದ ಬದಿ ದುರ್ಬಲ ಬದಿಯ ಕೆಲಸವನ್ನೂ ಕದ್ದು ಮಾಡುವುದು ಆಗ ನಿಲ್ಲುತ್ತದೆ. ದುರ್ಬಲ ಬದಿಯಿಂದ ಮೊದಲು ಶುರು ಮಾಡಿ, ಅದು ಎಷ್ಟು ಸಲ ಮಾಡಿತೋ ಬಲವಾದ ಬದಿಗೂ ಅಷ್ಟೇ ಮಾಡಿಸಿ. ಪಕ್ಕಕ್ಕೆ ಮಲಗಿ ಮೊಣಕೈ ಮೇಲೆ ದೇಹ ಎತ್ತಿ ಹಿಡಿಯುವುದು, ಒಂದು ಕೈಯಲ್ಲಿ ಬಕೆಟ್ ಹಿಡಿದಂತೆ ತೂಕ ಹಿಡಿದು ವಾಲದೆ ನಡೆಯುವುದು, ಇಂಥವು ಬೆನ್ನಿನ ಅಕ್ಕಪಕ್ಕದ ಸ್ನಾಯುಗಳನ್ನು ಗಟ್ಟಿ ಮಾಡುತ್ತವೆ. ವ್ಯಾಯಾಮದಿಂದ ವಯಸ್ಕರ ಬಾಗಿದ ಮೂಳೆ ನೇರವಾಗುವುದಿಲ್ಲ. ಹಾಗೆಂದು ಹೇಳಿ ದುಡ್ಡು ಕೇಳುವವರನ್ನು ನಂಬಬೇಡಿ. ಆದರೆ ಗಟ್ಟಿಯಾದ ಸ್ನಾಯು ಬಾಗಿದ ಬೆನ್ನನ್ನು ನೋವಿಲ್ಲದೆ ಹೊತ್ತುಕೊಳ್ಳುತ್ತದೆ.

ಮಂಡಿಯ ಕೆಲಸ ಇದಕ್ಕಿಂತ ಕಷ್ಟ, ಏಕೆಂದರೆ ಅಲ್ಲಿ ತೂಕ ಆಯ್ಕೆ ಮಾಡುವವರು ನಾವಲ್ಲ. ಕೋಲಾರದ ಟೊಮೆಟೊ ಬಾಕ್ಸ್ 15 ಕಿಲೋ. ಮಾವಿನ ಕ್ರೇಟ್ ಅದಕ್ಕಿಂತ ಭಾರ. ಬೇಗ ಮುಗಿಸುವ ಆತುರದಲ್ಲಿ ಮೂರು ನಾಲ್ಕು ಬಾಕ್ಸ್ ಒಟ್ಟಿಗೆ ಹೊರುವುದನ್ನು ನೋಡುತ್ತೇವೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ವಯಸ್ಕ ಪುರುಷ ಹೊರುವ ಭಾರ 55 ಕಿಲೋ ಮೀರಬಾರದೆಂದು ಶಿಫಾರಸು ಮಾಡಿದೆ. ಒಂದೇ ಹೆಗಲ ಮೇಲೆ ದಿನವಿಡೀ ಹೊರುವವರು ಲಾರಿಗೊಮ್ಮೆಯಾದರೂ ಹೆಗಲು ಬದಲಿಸಬೇಕು. ಕ್ರೇಟ್ ಎತ್ತಿಕೊಂಡು ಸೊಂಟದಿಂದ ತಿರುಗಬೇಡಿ, ಪಾದ ಎತ್ತಿಟ್ಟು ತಿರುಗಿ. ಮಂಡಿ ಮಾಲೀಕರಿಗೂ ಒಂದು ಮಾತು: ನೆಲದಿಂದ ಎತ್ತುವ ಬದಲು ಸೊಂಟದೆತ್ತರದ ಒಂದು ಮರದ ಕಟ್ಟೆ ಮಾಡಿಸಿದರೆ ಹಮಾಲಿಗಳ ಬೆನ್ನಿಗೆ ಅರ್ಧ ಭಾರ ಇಳಿದಂತೆ. ಮತ್ತು ಸೀಸನ್ ಮೂರು ತಿಂಗಳು ಕ್ರೇಟ್ ಹೊರುವ ಹುಡುಗ ಅದೇ ದಿನಗಳಲ್ಲಿ ಜಿಮ್‌ನಲ್ಲಿ ಭಾರೀ ತೂಕಕ್ಕೆ ಹೋಗಬೇಕಿಲ್ಲ. ಅವನ ಡೆಡ್‌ಲಿಫ್ಟ್ ಬೆಳಿಗ್ಗೆಯೇ ಮುಗಿದಿರುತ್ತದೆ.

ಎಷ್ಟು ನೋವು ಸಹಿಸಬಹುದು? ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಮೂರರೊಳಗಿದ್ದು, ಮರುದಿನದ ಹೊತ್ತಿಗೆ ಇಳಿದರೆ ಮುಂದುವರಿಸಬಹುದು ಎಂಬುದು ಫಿಸಿಯೋಥೆರಪಿಸ್ಟ್‌ಗಳು ಸಾಮಾನ್ಯವಾಗಿ ಹೇಳುವ ಅಂದಾಜು. ಅದಕ್ಕಿಂತ ಹೆಚ್ಚಿದ್ದರೆ ಅಥವಾ ವಾರದಿಂದ ವಾರಕ್ಕೆ ಏರುತ್ತಿದ್ದರೆ ತೂಕವನ್ನು ಅರ್ಧಕ್ಕೆ ಇಳಿಸಿ, ಎರಡು ಮೂರು ವಾರ ಸರಿಯಾದ ಭಂಗಿ ಕಲಿಯಲು ಬಳಸಿ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್‌ನಂಥ ಮಾತ್ರೆ ನುಂಗಿ ಎತ್ತುವುದು ಎಚ್ಚರಿಕೆಯ ಗಂಟೆಯ ತಂತಿ ಕತ್ತರಿಸಿದ ಹಾಗೆ. ಬಿಸಿಲಿನಲ್ಲಿ ಬೆವರಿ, ನೀರು ಕಡಿಮೆ ಕುಡಿದು ಈ ಮಾತ್ರೆಗಳನ್ನು ದಿನವೂ ತೆಗೆದುಕೊಂಡರೆ ಮೂತ್ರಪಿಂಡಕ್ಕೆ ಪೆಟ್ಟು, ಖಾಲಿ ಹೊಟ್ಟೆಗೆ ಹುಣ್ಣು. ರಮಝಾನಿನಲ್ಲಿ ಉಪವಾಸವಿದ್ದು ಅಸರ್ ನಂತರ ಭಾರೀ ತೂಕ ಎತ್ತುವ ಹುಡುಗರಿದ್ದಾರೆ. ಆ ತಿಂಗಳು ತೂಕ ಇಳಿಸಿ, ವ್ಯಾಯಾಮವನ್ನು ಇಫ್ತಾರ್ ನಂತರಕ್ಕೆ ಇಟ್ಟುಕೊಳ್ಳಿ. ಶಕ್ತಿವಂತ ವಿಶ್ವಾಸಿಯನ್ನು ಮೆಚ್ಚಿದ ಪ್ರವಾದಿ(ಸ) ಅವರೇ ಅತಿಯಾಗಿ ಉಪವಾಸ, ಆರಾಧನೆ ಮಾಡುತ್ತಿದ್ದ ಅನುಯಾಯಿಯೊಬ್ಬರಿಗೆ ಶರೀರಕ್ಕೂ ನಿಮ್ಮ ಮೇಲೆ ಹಕ್ಕಿದೆ ಎಂದು ತಿಳಿಹೇಳಿದ್ದಾರೆ.

ಇಷ್ಟೆಲ್ಲ ಸರಿಪಡಿಸಿದರೂ ನೋವು ಹೋಗದಿದ್ದರೆ ಬಾರ್ಬೆಲ್ಲನ್ನೂ ಓರೆ ಬೆನ್ನನ್ನೂ ಬಿಟ್ಟು ಬೇರೆಡೆ ನೋಡಬೇಕು. ನಮ್ಮ ಜಿಲ್ಲೆಯಲ್ಲಿ ಇದನ್ನು ಒತ್ತಿ ಹೇಳಬೇಕಾಗಿದೆ. ಕೋಲಾರ ಜಿಲ್ಲೆಯ ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಹಳೆಯದು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರದಿರುವುದು ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ವರ್ಷಗಟ್ಟಲೆ ಅದಕ್ಕಿಂತ ಬಹಳ ಹೆಚ್ಚಿರುವ ನೀರು ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಬರುವುದಷ್ಟೇ ಅಲ್ಲ, ಬೆನ್ನು, ಸೊಂಟ, ಮೊಣಕಾಲುಗಳು ನೋಯುತ್ತವೆ, ಕ್ರಮೇಣ ಬಿಗಿಯುತ್ತವೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಕುಡಿಯುವುದಕ್ಕೂ ಅಡುಗೆಗೂ ಊರಿನ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. ಮನೆಯಲ್ಲಿ ಹಿರಿಯರಿಗೂ ಕಿರಿಯರಿಗೂ ಒಟ್ಟಿಗೆ ಕೀಲುನೋವಿದ್ದರೆ ನೀರನ್ನು ಪರೀಕ್ಷೆ ಮಾಡಿಸಿ.

ಇನ್ನೊಂದು ಕಾಯಿಲೆ ಯುವಕರನ್ನೇ ಹುಡುಕಿ ಬರುತ್ತದೆ. ಹೆಸರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಭಾರ ಎತ್ತಿದ ನೋವು ಕೆಲಸ ಮಾಡಿದಾಗ ಹೆಚ್ಚಿ ವಿಶ್ರಾಂತಿಯಲ್ಲಿ ಇಳಿಯುತ್ತದೆ. ಇದು ತದ್ವಿರುದ್ಧ. ರಾತ್ರಿಯ ಎರಡನೇ ಜಾವದ ನಂತರ ಎಚ್ಚರವಾಗುವುದು, ಫಜ್ರ್‌ಗೆ ಎದ್ದಾಗ ಬೆನ್ನು ಅರ್ಧ ಗಂಟೆಗೂ ಹೆಚ್ಚು ಬಿಗಿದಿರುವುದು, ಓಡಾಡಿದ ಮೇಲೆ ಸಡಿಲವಾಗುವುದು, ಹೀಗೆ ಮೂರು ತಿಂಗಳು ದಾಟುವುದು ಇದರ ಲಕ್ಷಣ. ಕಣ್ಣು ಕೆಂಪಾಗಿ ನೋಯುವುದೂ ಉಂಟು. ಬೇಗ ಕಂಡುಹಿಡಿದರೆ ಒಳ್ಳೆಯ ಚಿಕಿತ್ಸೆಯಿದೆ, ತಡವಾದರೆ ಬೆನ್ನುಮೂಳೆ ಬೆಸೆದುಕೊಳ್ಳುತ್ತದೆ. ಸಂಜೆಯ ಜ್ವರ, ತೂಕ ಇಳಿಯುವುದು, ಒಂದೇ ಜಾಗದಲ್ಲಿ ಬಿಡದ ಬೆನ್ನುನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಇದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ. ಕಾಲು ಜೋಮು ಹಿಡಿದು ಬಲ ಕಳೆದುಕೊಳ್ಳುವುದು, ಮಲಮೂತ್ರದ ಹಿಡಿತ ತಪ್ಪುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಗಂಡುಮಕ್ಕಳ ಜಿಮ್‌ನಿಂದ ಶುರುವಾದ ಮಾತು ಈಗ ಹೆಣ್ಣುಮಕ್ಕಳ ಕಡೆಗೆ ತಿರುಗಬೇಕು, ಏಕೆಂದರೆ ಈ ಬಾಗು ಹೆಚ್ಚುತ್ತಾ ಹೋಗುವುದು ಹುಡುಗಿಯರಲ್ಲೇ ಹೆಚ್ಚು. ಹತ್ತರಿಂದ ಹದಿನೈದರ ವಯಸ್ಸು, ಅದರಲ್ಲೂ ಋತುಮತಿಯಾಗುವುದಕ್ಕೆ ಮುಂಚಿನ ಒಂದೆರಡು ವರ್ಷ, ಎತ್ತರ ಸರ್ರನೆ ಏರುವ ಕಾಲ. ಬಾಗು ಏರುವುದೂ ಆಗಲೇ. ನಮ್ಮ ಹೆಣ್ಣುಮಕ್ಕಳ ಉಡುಪು ಸಡಿಲ, ಮೇಲೆ ದುಪಟ್ಟಾ, ಹೊರಗೆ ಬುರ್ಖಾ. ಆದ್ದರಿಂದ ಬೇರೆಯವರ ಕಣ್ಣಿಗೆ ಬೀಳುವುದಿಲ್ಲ, ತಾಯಿಯೇ ನೋಡಬೇಕು. ಮಗಳನ್ನು ಬೆನ್ನು ಕಾಣುವಂತೆ ನಿಲ್ಲಿಸಿ, ಪಾದ ಜೋಡಿಸಿ, ಮೊಣಕಾಲು ಮಡಚದೆ, ಎರಡೂ ಅಂಗೈ ಸೇರಿಸಿ ಮುಂದಕ್ಕೆ ಬಾಗಿಸಿ. ಹೆಚ್ಚುಕಡಿಮೆ ರುಕೂಅ್‌ನ ಭಂಗಿಯೇ, ಕೈ ಮಾತ್ರ ಕೆಳಗೆ ಜೋತುಬಿಡಬೇಕು. ಹಿಂದಿನಿಂದ ನೋಡಿದಾಗ ಒಂದು ಬದಿಯ ಪಕ್ಕೆ ಅಥವಾ ಸೊಂಟದ ಭಾಗ ಇನ್ನೊಂದಕ್ಕಿಂತ ಉಬ್ಬಿದ್ದರೆ ವೈದ್ಯರಿಗೆ ತೋರಿಸಬೇಕು. ಲಂಡನ್ನಿನ ವೈದ್ಯ ವಿಲಿಯಂ ಆಡಮ್ಸ್ 1865ರಲ್ಲಿ ವಿವರಿಸಿದ ಈ ಪರೀಕ್ಷೆಗೆ ಒಂದು ನಿಮಿಷವೂ ಬೇಡ. ಬೆಳೆಯುವ ವಯಸ್ಸಿನಲ್ಲಿ ಆರು ತಿಂಗಳಿಗೊಮ್ಮೆ ಮಾಡಿ.

ಬೆಳೆಯುವ ಮಗುವಿನಲ್ಲಿ ಬಾಗು 25 ಡಿಗ್ರಿ ದಾಟಿದರೆ ವೈದ್ಯರು ಬ್ರೇಸ್ ಎಂಬ ಕವಚ ಹಾಕಲು ಹೇಳಬಹುದು. 2013ರಲ್ಲಿ ಪ್ರಕಟವಾದ ಅಮೆರಿಕ ಮತ್ತು ಕೆನಡಾದ ಅಧ್ಯಯನವೊಂದರಲ್ಲಿ ಬ್ರೇಸ್ ಹಾಕಿದವರಲ್ಲಿ ಶೇ. 72 ಮಕ್ಕಳ ಬಾಗು ಶಸ್ತ್ರಚಿಕಿತ್ಸೆಯ ಹಂತಕ್ಕೆ ಹೋಗಲಿಲ್ಲ, ಹಾಕದವರಲ್ಲಿ ಆ ಪ್ರಮಾಣ ಶೇ. 48 ಮಾತ್ರ. ಹೆಚ್ಚು ಗಂಟೆ ಹಾಕಿದವರಿಗೆ ಹೆಚ್ಚು ಫಲ. ಬೇರೆ ಹುಡುಗಿಯರು ಬ್ರೇಸ್ ಹಾಕಲು ನಾಚುವುದು ಅದು ಕಾಣುತ್ತದೆಂದು. ನಮ್ಮ ಮಕ್ಕಳ ಸಡಿಲ ಉಡುಪಿನೊಳಗೆ ಅದು ಯಾರಿಗೂ ಕಾಣುವುದೇ ಇಲ್ಲ. ಆದರೂ ಸಂಬಂಧ ಕೂಡಿಬರುವುದಿಲ್ಲ ಎಂಬ ಭಯದಿಂದ ಮನೆಯವರು ವಿಷಯ ಮುಚ್ಚಿಟ್ಟು, ಚಿಕಿತ್ಸೆಗೆ ಫಲ ಸಿಗುವ ಆ ಎರಡು ಮೂರು ವರ್ಷಗಳನ್ನೇ ಕಳೆದುಬಿಡುತ್ತಾರೆ. ಅಲ್ಪ ಪ್ರಮಾಣದ ಬಾಗು ಗರ್ಭ ಧರಿಸುವುದಕ್ಕಾಗಲಿ, ಹೆರಿಗೆಗಾಗಲಿ, ಮನೆಕೆಲಸಕ್ಕಾಗಲಿ ಅಡ್ಡಿಯಲ್ಲ. ವರನ ಕಡೆಯವರಿಗೂ ಈ ಮಾತು ತಿಳಿದಿರಲಿ.

ನಮಾಝ್ ಬಗ್ಗೆ ಕೇಳುವವರಿದ್ದಾರೆ. ಅಲ್ಪ ಓರೆಯ ಬೆನ್ನಿಗೆ ರುಕೂಅ್, ಸುಜೂದ್‌ಗಳಿಂದ ತೊಂದರೆಯಿಲ್ಲ, ದಿನಕ್ಕೆ ಐದು ಹೊತ್ತು ಸೊಂಟ, ಮೊಣಕಾಲು ಮಡಚಿ ಬಿಚ್ಚುವುದು ಕೀಲಿಗೆ ಒಳ್ಳೆಯದೇ. ಸುಜೂದ್‌ನಿಂದ ಏಳುವಾಗ ಯಾವಾಗಲೂ ಒಂದೇ ಮೊಣಕಾಲಿಗೆ ಭಾರ ಕೊಡುತ್ತೀರಾ, ನಿಂತಾಗ ಒಂದೇ ಕಾಲಿನ ಮೇಲೆ ವಾಲುತ್ತೀರಾ ಎಂದು ಗಮನಿಸಿ. ಎಡಪಾದದ ಮೇಲೆ ಕೂರುವಾಗ ಮೊಣಕಾಲು ತೀರಾ ನೋಯುವವರಿಗೆ, ನಿಲ್ಲಲಾಗದವರಿಗೆ ಆದಷ್ಟು ರೀತಿಯಲ್ಲಿ ನಮಾಝ್ ಮಾಡುವ ರಿಯಾಯಿತಿ ಇದೆ. ಅದರ ವಿವರವನ್ನು ನಿಮ್ಮ ಮಸೀದಿಯ ಆಲಿಮರಲ್ಲಿ ಕೇಳಿ. ಆರೋಗ್ಯದ ದೃಷ್ಟಿಯಿಂದ ಹೇಳುವುದಾದರೆ, ಇಪ್ಪತ್ತೈದರ ಯುವಕ ಕುರ್ಚಿ ಹುಡುಕುವ ಮುನ್ನ ವೈದ್ಯರನ್ನು ಹುಡುಕುವುದು ಮೇಲು.

ನಮ್ಮ ಕಡೆ ಮೂಳೆ ಎಂದೊಡನೆ ಪುತ್ತೂರು ಕಟ್ಟು ನೆನಪಾಗುತ್ತದೆ. ಬಾಗಿದ ಬೆನ್ನಿಗೆ ಕಟ್ಟು, ಎಣ್ಣೆ, ಎಳೆತ ಯಾವುದೂ ಮದ್ದಲ್ಲ, ಬೆನ್ನನ್ನು ಲಟಕ್ಕೆನಿಸಿ ‘ಸರಿ ಮಾಡುವ’ವರಿಂದ ದೂರವಿರಿ. ಮೊದಲು ಶ್ರೀನಿವಾಸಪುರದ ತಾಲೂಕು ಆಸ್ಪತ್ರೆಯಲ್ಲಿ ತೋರಿಸಬಹುದು. ಮೂಳೆತಜ್ಞರು ಮತ್ತು ಫಿಸಿಯೋಥೆರಪಿ ಬೇಕಾದರೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ, ಅದಕ್ಕೂ ಮುಂದೆ ಬೆಂಗಳೂರಿನ ಸಂಜಯ್ ಗಾಂಧಿ ಆಸ್ಪತ್ರೆ ಇವೆ. ಬೆನ್ನಿನ ಎಕ್ಸ್‌ರೇಯನ್ನು ನಿಲ್ಲಿಸಿಯೇ ತೆಗೆಯಬೇಕೆಂದು ಕೇಳಿ, ಮಲಗಿಸಿ ತೆಗೆದರೆ ಬಾಗು ಕಡಿಮೆ ಕಾಣುತ್ತದೆ. ಹೋಗುವಾಗ ಹಳೆಯ ಫಿಲಂಗಳು, ನುಂಗುತ್ತಿರುವ ಮಾತ್ರೆಗಳ ಪಟ್ಟಿ, ಹಿಂದಿನಿಂದ ತೆಗೆದ ಆ ವಿಡಿಯೋ ಮೂರನ್ನೂ ಒಯ್ಯಿರಿ.